ಜೋಳ ಇದ್ದರೆ ಸಾಲದು, ಗಿರಣಿಯೂ ಬೇರೆ ಬೇಕು: ಸೀಲಿಯಾಕ್ ಮನೆಯ ಅಡುಗೆ, ನನ್ನ ಅನುಭವ

"ಸೀಲಿಯಾಕ್ ಆದ್ರೇನಾತು, ನಮ್ ಕಡೆ ಜ್ವಾಳ ಐತೆಲ್ಲ, ಚಪಾತಿ ಬಿಟ್ಟು ರೊಟ್ಟಿ ತಿನ್ರಿ." ವಿಜಯಪುರದಲ್ಲಿ ಈ ಮಾತು ಹೇಳದವರಿಲ್ಲ. ಸೀಲಿಯಾಕ್ ಅಂದರೆ ಗೋಧಿ, ಬಾರ್ಲಿಯಂಥ ಕಾಳಿನಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಸಣ್ಣ ಕರುಳು ಕೆಡುವ ರೋಗ. ನಮ್ಮ ಮನೆಯಲ್ಲಿ ಗೋಧಿ, ರವೆ, ಮೈದಾ, ಶ್ಯಾವಿಗೆ ಪೂರ್ತಿ ನಿಂತ ಮೇಲೂ ಟಿಟಿಜಿ, ಅಂದರೆ ಈ ರೋಗದ ರಕ್ತಪರೀಕ್ಷೆಯ ಅಂಕಿ, ನೂರರ ಕೆಳಗೆ ಇಳಿಯಲಿಲ್ಲ. ಕದ್ದು ತಿನ್ನುತ್ತಿರಬೇಕು ಎಂದು ಕೆಲವರು ಅಂದರು. ನನಗೆ ಸಂಶಯ ಗಿರಣಿಯ ಮೇಲೆ ಎಂದಾಗ ನಕ್ಕವರೇ ಹೆಚ್ಚು. ಮನೆಯಲ್ಲೇ ಬೀಸಿದ ಹಿಟ್ಟು ತಿನ್ನಲು ಹತ್ತಿ ವರ್ಷ ದಾಟಿದೆ, ಟಿಟಿಜಿ ಲ್ಯಾಬಿನ ಮಿತಿಯ ಅಂಚಿಗೆ ಬಂದು ನಿಂತಿದೆ. ನಕ್ಕವರೇ ಈಗ ನಮ್ಮ ಮನೆ ಗಿರಣಿಯ ಬೆಲೆ ಕೇಳುತ್ತಾರೆ.

ಗಿರಣಿಯ ಮೇಲೆ ಸಂಶಯ ಏಕೆ ಎಂಬ ಲೆಕ್ಕ ಒಮ್ಮೆ ಹಾಕಿಬಿಡೋಣ. ಪೊಟ್ಟಣದ ಮೇಲೆ ಗ್ಲುಟನ್ ಇಲ್ಲ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಗ್ಲುಟನ್ ಮೂರೂವರೆ, ನಾಲ್ಕು ಮಿಲಿಗ್ರಾಂ. ಅಂದರೆ ಕಿಲೋ ಜೋಳದಲ್ಲಿ ಐದಾರು ಗೋಧಿ ಕಾಳು ಸೇರಿದರೆ ಮಿತಿ ಮುಗಿಯಿತು. ಗಿರಣಿಯಲ್ಲಿ ಹಿಂದಿನವರ ಗೋಧಿ ಹಿಟ್ಟು ಒಂದು ಚಮಚ, ಹತ್ತು ಗ್ರಾಂ ಅನ್ನಿ, ನಮ್ಮ ಐದು ಕಿಲೋ ಜೋಳಕ್ಕೆ ಬಿದ್ದರೆ ಮಿತಿಯ ಎಂಟೊಂಬತ್ತು ಪಟ್ಟು. ಗಿರಣಿಯ ಡಬ್ಬಿ, ಕೊಳವೆ, ಕಲ್ಲಿನ ಸಂದು ನೋಡಿದವರಿಗೆ ಒಂದು ಚಮಚ ಎಂಬುದು ಕಡಿಮೆ ಹಿಡಿದ ಲೆಕ್ಕ ಎನ್ನುವುದೂ ಗೊತ್ತು.

ಮೊದಲು ಹಿಡಿದ ದಾರಿ, ಮುಂಜಾನೆ ಗಿರಣಿ ತೆರೆದ ಕೂಡಲೇ ನಮ್ಮದನ್ನು ಬೀಸಿಸುವುದು. "ಮೊದಲನೇ ಬೀಸು ನಿಮ್ದss ಐತ್ರಿ ಅಕ್ಕಾರ, ಏನೂ ಆಗಂಗಿಲ್ಲ" ಅನ್ನುತ್ತಾರೆ ಗಿರಣಿಯವರು. ಆದರೆ ರಾತ್ರಿ ಕೊನೆಗೆ ಬೀಸಿದ್ದು ಗೋಧಿಯೇ ಆಗಿರುತ್ತದೆ, ಅದು ಕಲ್ಲಿನಲ್ಲೇ ಕೂತಿರುತ್ತದೆ. ಮೊದಲ ಮೂರು ಕಿಲೋ ಹಿಟ್ಟನ್ನು ದನಕ್ಕೆ ಹಾಕಿ ಉಳಿದದ್ದನ್ನು ಬಳಸಿದರೂ ಟಿಟಿಜಿ ಕದಲಲಿಲ್ಲ. ಗಿರಣಿಯ ಗಾಳಿಯಲ್ಲೇ ಗೋಧಿ ಹಿಟ್ಟು ಹಾರುತ್ತಿರುತ್ತದೆ, ಚೀಲ ಬಾಯಿ ತೆರೆದು ನಿಂತಿರುತ್ತದೆ. ಪ್ರತಿ ಸಲ ಮೂರು ಕಿಲೋ ಜೋಳ ಹೋದ ಲೆಕ್ಕವೂ ತಿಂಗಳಿಗೆ ಐದಾರು ನೂರು ರೂಪಾಯಿ ಮುಟ್ಟಿತು.

ಅಜ್ಜಿಯ ಕಾಲದ ಬೀಸುವ ಕಲ್ಲು ಇನ್ನೂ ಅನುಮಾನದ ವಸ್ತು. ತಲೆಮಾರುಗಳಿಂದ ಗೋಧಿ ಕುಡಿದ ಕಲ್ಲನ್ನು ಎಷ್ಟು ತೊಳೆದರೂ ಅದರ ರಂಧ್ರ ಖಾಲಿಯಾಗುವುದಿಲ್ಲ. ಹೊಸ ಕಲ್ಲು ತಂದರೆ ಮೊದಮೊದಲು ಹಿಟ್ಟಿನಲ್ಲಿ ಹರಳು, ಆಮೇಲೆ ರಟ್ಟೆ ನೋವು. ಮಿಕ್ಸರ್‌ನಲ್ಲಿ ಒಮ್ಮೆಗೆ 200 ಗ್ರಾಂ ದಾಟುವುದಿಲ್ಲ, ಹಿಟ್ಟು ಕಾದು ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ನುಚ್ಚಿಗೆ ಮಾತ್ರ ಮಿಕ್ಸರ್ ಒಳ್ಳೆಯದು.

ಕೊನೆಗೆ ತಂದದ್ದು ಒಂದು ಎಚ್‌ಪಿ ಮೋಟರಿನ ಮನೆ ಗಿರಣಿ, ಜಾಳಿಗೆ (ಒಳಗಿನ ತೂತಿನ ಜರಡಿ) ಬದಲಿಸುವಂಥದ್ದು. ಆಗ ಹದಿನೆಂಟು ಸಾವಿರದ ಸುಮಾರು ಬಿತ್ತು. ಹಳೆಯದು ಅರ್ಧ ಬೆಲೆಗೆ ಸಿಗುತ್ತಿತ್ತು, ಬೇಡ ಎಂದೆ. ಅದರ ಮೂಲೆ, ಬಟ್ಟೆಯ ಚೀಲ, ಬ್ರಷ್ಷು ಎಲ್ಲವೂ ಗೋಧಿ ತಿಂದವು. ಹೊಸದು ಬಂದ ದಿನದಿಂದ ಗೋಧಿಗೆ ಅದರ ಕೋಣೆಯೊಳಗೇ ಪ್ರವೇಶವಿಲ್ಲ. ಓಣಿಯವರು "ಒಂದ್ ಸೇರು ಬೀಸಿಕೊಡ್ರೆಲ್ಲ" ಎಂದರೆ ಕೊಡುವುದಿಲ್ಲ, ಸಿಟ್ಟಾದರೆ ಆಗಲಿ. ಹೆಸರಿಗೆ ಗಂಟೆಗೆ ಎಂಟು ಹತ್ತು ಕಿಲೋ ಅಂತಾರೆ, ಸಣ್ಣ ಜಾಳಿಗೆ ಹಾಕಿದರೆ ಐದಾರಕ್ಕಿಂತ ಹೆಚ್ಚು ಬರುವುದಿಲ್ಲ. ಕಾಳು ಬೀಳುವ ಬಾಯಿಯನ್ನು ಪೂರ್ತಿ ತೆರೆದರೆ ಮೋಟರ್ ಗೊರಗುಟ್ಟುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಅರ್ಧಕ್ಕಿಂತ ಕಡಿಮೆ ತೆರೆದು, ಅರ್ಧ ಗಂಟೆಗೊಮ್ಮೆ ನಿಲ್ಲಿಸಬೇಕು. ಬೇಸಿಗೆಯಲ್ಲಿ ಹಿಟ್ಟು ತಣ್ಣಗೆ ಬೀಳಲು ಇನ್ನೊಂದು ಯುಕ್ತಿ ಇದೆ, ಬೇಕಾದವರು ಮನೆಗೆ ಬಂದೇ ನೋಡಬೇಕು.

ಯಂತ್ರ ಬಂದರೂ ಕಾಳು ಶುದ್ಧವಿಲ್ಲದಿದ್ದರೆ ದುಡ್ಡು ದಂಡ. ಹಿಂಗಾರಿಯಲ್ಲಿ ಜೋಳ, ಗೋಧಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕೊಯ್ಲಿಗೆ ಬರುತ್ತವೆ. ರಾಶಿ ಮಷಿನ್ ಇವತ್ತು ಗೋಧಿ ಹೊಲದಲ್ಲಿದ್ದರೆ ನಾಳೆ ನಮ್ಮ ಜೋಳದಲ್ಲಿ. ಹೀಗಾಗಿ ಪೇಟೆಯ ಜೋಳ ಬಿಟ್ಟು ಸಿಂದಗಿ ಕಡೆಯ ಗುರುತಿನ ರೈತರೊಬ್ಬರಿಂದ ಮಾಲದಂಡಿ ತಳಿಯ ಜೋಳವನ್ನು ವರ್ಷಕ್ಕಾಗುವಷ್ಟು ಒಮ್ಮೆಲೇ ತರಿಸುತ್ತೇನೆ. ಎರಡು ಕರಾರು: ನಮ್ಮ ರಾಶಿಗೆ ಮುಂಚೆ ಮಷಿನ್ ಬೇರೆ ಜೋಳವನ್ನೋ ತೊಗರಿಯನ್ನೋ ಒಕ್ಕಿರಬೇಕು, ಮೊದಲು ಬಂದ ಚೀಲ ಅವರಿಗೇ ಉಳಿಯಬೇಕು. ಹೊಸ ಚೀಲ ನಾನೇ ಕೊಡುತ್ತೇನೆ. ಇದಕ್ಕೆ ಕ್ವಿಂಟಲ್‌ಗೆ ಮುನ್ನೂರು ನಾಲ್ಕುನೂರು ಹೆಚ್ಚು ಹೋಗುತ್ತದೆ.

ಆದರೂ ಹಸನು ಮಾಡದೆ ಬೀಸುವುದಿಲ್ಲ. ಜರಡಿಯನ್ನು ನಂಬಬಾರದು, ಗೋಧಿ ಕಾಳು ಅಡ್ಡ ಮಲಗಿ ಜೋಳದ ಜೊತೆಗೇ ಮೇಲೆ ಉಳಿಯುತ್ತದೆ. ಸ್ಟೀಲ್ ಪರಾತದಲ್ಲಿ ಒಂದು ಪದರ ಮಾತ್ರ, ಕಾಲು ಕಿಲೋದಷ್ಟು, ಹಗಲು ಬೆಳಕಿನಲ್ಲಿ ಹರಡಿದರೆ ಬಿಳಿ ದುಂಡು ಕಾಳುಗಳ ನಡುವೆ ಉದ್ದನೆಯ ಕೆಂಪು ಕಾಳು ತಾನೇ ಕಾಣುತ್ತದೆ. ಐದು ಕಿಲೋಗೆ ಒಂದೂವರೆ ಗಂಟೆ. ಆಮೇಲೆ ಎರಡು ನೀರಿನಲ್ಲಿ ತೊಳೆದು ಬೇರೆಯೇ ಇಟ್ಟ ಬಟ್ಟೆಯ ಮೇಲೆ ಬಿಸಿಲಿಗೆ ಹಾಕಬೇಕು. ಹಲ್ಲಿಗೆ ಹಾಕಿದರೆ ಟಕ್ ಎನ್ನಬೇಕು. ತೇವ ಉಳಿದರೆ ಹಿಟ್ಟು ಜಾಳಿಗೆಗೆ ಮೆತ್ತಿ ಯಂತ್ರ ಕಟ್ಟುತ್ತದೆ.

ರೊಟ್ಟಿ ಮಾಡುವುದನ್ನು ಈ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಇಷ್ಟು ಮಾತ್ರ: ಮನೆ ಗಿರಣಿಯ ಹಿಟ್ಟು ತುಸು ಉರುಟು, ಎಸರು ಕುದಿಯುತ್ತಲೇ ಬೀಳಬೇಕು, ಹಿಟ್ಟಿನ ಅಳತೆಗೆ ಮುಕ್ಕಾಲು ಪಾಲು ನೀರು. ಎರಡು ಸಲ ಬೀಸಿದರೆ ನುಣುಪು ಬರುತ್ತದೆ, ಜಿಗಿ ಕಡಿಮೆಯಾಗುತ್ತದೆ. ನಾನು ಒಂದೇ ಸಲಕ್ಕೆ ನಿಲ್ಲಿಸಿದೆ. ವಾರಕ್ಕಾಗುವಷ್ಟು ಮಾತ್ರ ಬೀಸಬೇಕು. ಸಜ್ಜೆ ಹಿಟ್ಟಂತೂ ನಾಲ್ಕೈದು ದಿನಕ್ಕೇ ಕಹಿಯಾಗಲು ಶುರು.

ದುಡ್ಡಿನ ಮಾತು. ಹತ್ತು ಕಿಲೋ ಬೀಸಲು ಒಂದೂವರೆ ಯೂನಿಟ್ ಕರೆಂಟು. ಊರ ಗಿರಣಿಗೆ ಕಿಲೋಗೆ ಆರೇಳು ರೂಪಾಯಿ ಕೊಡುವುದಕ್ಕೆ ಹೋಲಿಸಿದರೆ ಯಂತ್ರದ ಬೆಲೆ ಯಾವ ಕಾಲಕ್ಕೂ ಹುಟ್ಟುವುದಿಲ್ಲ. ಗ್ಲುಟನ್ ಇಲ್ಲದ ಹಿಟ್ಟಿನ ಪೊಟ್ಟಣಕ್ಕೆ ಹೋಲಿಸಿ: ಕಿಲೋಗೆ ಇನ್ನೂರೈವತ್ತರಿಂದ ನಾಲ್ಕುನೂರು, ಜೋಳ ಐವತ್ತು ಅರವತ್ತು. ತಿಂಗಳಿಗೆ ಹತ್ತು ಕಿಲೋ ತಿನ್ನುವ ಮನೆಗೆ ವರ್ಷದೊಳಗೇ ಯಂತ್ರದ ದುಡ್ಡು ತಿರುಗಿ ಬಂತು. ಪೊಟ್ಟಣದ ಬ್ರೆಡ್ಡು, ಬಿಸ್ಕತ್ತು ತರುವುದನ್ನೂ ನಿಲ್ಲಿಸಿದೆ, ಅವು ದುಬಾರಿ, ರುಚಿಯೂ ಅಷ್ಟಕ್ಕಷ್ಟೇ.

ಯಂತ್ರ ಮನೆಯಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ. ಗೋಧಿ ಹುಗ್ಗಿಯ ಜಾಗಕ್ಕೆ ನವಣೆ ಹುಗ್ಗಿ ಬಂತು: ನವಣೆ ಅಕ್ಕಿ ಹುರಿದು ಬೇಯಿಸಿ, ಸಮ ಅಳತೆ ಬೆಲ್ಲ, ಗಸಗಸೆ, ಕೊಬ್ಬರಿ. ಅತಿಥಿಗಳಿಗೆ ಹೇಳದೆ ಬಡಿಸಿದರೂ ಎರಡನೇ ಸಲ ಹಾಕಿಸಿಕೊಂಡರು. ಹೋಳಿಗೆ ಮಾತ್ರ ಸತಾಯಿಸಿತು. ಅಕ್ಕಿ ಹಿಟ್ಟಿನ ಕಣಕ ಲಟ್ಟಿಸುವಾಗ ಒಡೆಯುತ್ತದೆ, ಜೋಳದ್ದು ಹೂರಣಕ್ಕೆ ಅಂಟಿಕೊಳ್ಳುವುದೇ ಇಲ್ಲ. ಔಷಧ ಅಂಗಡಿಯ ಇಸಬಗೋಲ್ ಅನ್ನು 100 ಗ್ರಾಂ ಹಿಟ್ಟಿಗೆ ಒಂದು ಚಮಚದಂತೆ ನೀರಿನಲ್ಲಿ ನೆನೆಸಿ ಅಕ್ಕಿ ಹಿಟ್ಟಿಗೆ ಕಲಸಿದಾಗ ಕಣಕ ಎಳೆಯಲು ಬಂತು. ಹೆಚ್ಚಾದರೆ ರಬ್ಬರು. ಜೊತೆಗೆ ಇನ್ನೊಂದು ಹಿಟ್ಟು ಸೇರುತ್ತದೆ, ಅದರ ಹೆಸರು ನನ್ನ ಹತ್ತಿರವೇ ಇರಲಿ. ಎಳ್ಳ ಅಮಾವಾಸ್ಯೆಗೆ ಇಂಥ ತಾಪತ್ರಯವೇ ಇಲ್ಲ, ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಸೊಪ್ಪು ತರಕಾರಿ ಬೇಯಿಸಿದ ಭಜ್ಜಿ, ಎಲ್ಲವೂ ನಮ್ಮ ಪಂಗಡದವೇ. ಚರಗಕ್ಕೆ, ಅಂದರೆ ಅಂದಿನ ಹೊಲದ ಪೂಜೆಯೂಟಕ್ಕೆ, ಕರೆದರೆ ಮಾತ್ರ ಹಿಟ್ಟು ನಮ್ಮ ಮನೆಯಿಂದ.

ಅಡುಗೆಮನೆಯಲ್ಲಿ ಬದಲಿಸಲೇಬೇಕಾದವು ಜರಡಿ, ಲಟ್ಟಣಿಗೆ, ಹಿಟ್ಟು ನಾದುವ ಕೊಣಮಿಗೆ. ಕಬ್ಬಿಣದ ಹಂಚನ್ನು ಕೆಂಪಗೆ ಕಾಯಿಸಿ ಉಜ್ಜಿ ಬಳಸಬಹುದು ಅನ್ನುತ್ತಾರೆ, ಹೊಸದು ಮುನ್ನೂರು ರೂಪಾಯಿಗೆ ಸಿಗುವಾಗ ಆ ವಾದ ಏಕೆ? ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಮೈದಾ ಅಥವಾ ಗೋಧಿ ಹಿಟ್ಟು ಇರುತ್ತದೆ, ಅಕ್ಕಿ ಹಿಟ್ಟಿನದು ಹುಡುಕಿದರೆ ಸಿಗುತ್ತದೆ. ಅದೇ ಇಂಗು ಮಸಾಲೆ ಖಾರಕ್ಕೂ, ಅಂಗಡಿಯ ಚೂಡಾಕ್ಕೂ ಹೋಗಿರುತ್ತದೆ. ಗೋಧಿ ಕುರುಡಿಗಿ ಕರಿದ ಎಣ್ಣೆಯಲ್ಲಿ ಅಕ್ಕಿ ಹಪ್ಪಳ ಕರಿಯುವಂತಿಲ್ಲ. ಕಪಲಿ ಗೋಧಿ ಹಳೆಯ ತಳಿ, ಸಕ್ಕರೆ ಕಾಯಿಲೆಯವರೂ ತಿನ್ನುತ್ತಾರೆ, ಸೀಲಿಯಾಕ್‌ಗೂ ನಡೆಯುತ್ತದೆ ಎಂದು ಬೆಳಗಾವಿ ಕಡೆಯವರು ಹೇಳಿದರೆ ಕೇಳಬೇಡಿ. ಅದರಲ್ಲೂ ಗ್ಲುಟನ್ ಇದೆ. ಬಾರ್ಲಿ ನೀರೂ ಬೇಡ.

ಹೊರಗೆ ಖಾನಾವಳಿಯ ರೊಟ್ಟಿಯನ್ನು ನಾನು ನಂಬುವುದಿಲ್ಲ, ಊರ ಗಿರಣಿಯ ಹಿಟ್ಟು, ಚಪಾತಿ ಬೇಯಿಸಿದ ಹಂಚು. ಮಿರ್ಚಿ ಭಜಿಯ ಕಡಲೆ ಹಿಟ್ಟಿನದೂ ಅದೇ ಕತೆ. ಕುಂದಾದಲ್ಲಿ ರವೆ ಹಾಕಿದ್ದಾರೋ ಎಂದು ಕೇಳಿಯೇ ಕೊಳ್ಳಬೇಕು. ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ಅವ್ವಂದಿರ ರೊಟ್ಟಿ ನೋಡಿದರೆ ಬಾಯಲ್ಲಿ ನೀರು ಬರುತ್ತದೆ, ಅದೂ ಊರ ಗಿರಣಿಯದೇ. ನಾವು ಹೋಗುವಾಗ ಹತ್ತು ಹನ್ನೆರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುತ್ತೇವೆ, ಅವರ ಹತ್ತಿರ ಮೊಸರು ಮಾತ್ರ ತೆಗೆದುಕೊಳ್ಳುತ್ತೇವೆ.