ಫೋಟೋ ನೋಡಿ ಗಸ್ತು ಹಡಗು ಗುರ್ತು ಹಿಡಿಯೋದು ಹ್ಯಾಂಗ

ನಮ್ ಬೀದರ್‌ನಾಗ ಏರ್‌ಫೋರ್ಸ್ ಸ್ಟೇಷನ್ ಇರೋದ್ರಿಂದ ಸಣ್ ಹುಡುಗರೂ ಸಪ್ಪಳ ಕೇಳೇ ಹಾಕ್ ವಿಮಾನ ಅಂತ ಹೇಳ್ತಾವ, ಆದ್ರ ಹಡಗಿನ ಫೋಟೋ ತೋರ್ಸಿದ್ರ ದೊಡ್ಡೋರೂ ಯುದ್ಧದ ಹಡಗು ಅಂದು ಮುಗಿಸಿಬಿಡ್ತಾರ. ನೇವಿ, ಕೋಸ್ಟ್ ಗಾರ್ಡ್ ಪರೀಕ್ಷೆಗೆ ಓದೋ ಹುಡುಗರು ನಮ್ ಕಡಿ ಭಾಳ ಮಂದಿ ಅದಾರ, ಅವ್ರಿಗಂತೂ ಇದು ಗೊತ್ತಿರಬೇಕು.

ಮೊದ್ಲು ಬಣ್ಣ ನೋಡ್ರಿ. ಬೂದಿ ಬಣ್ಣ ಇದ್ರ ನೇವಿ. ಬಿಳಿ ಹಡಗು, ಮೈಮ್ಯಾಲ ಓರೆ ಪಟ್ಟಿ, ದೊಡ್ಡ ಅಕ್ಷರದಾಗ ಹೆಸರು ಇದ್ರ ಕೋಸ್ಟ್ ಗಾರ್ಡ್. ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರಿಟ್ಟು 2009ರಾಗ ಸೇವೆಗೆ ತಗೊಂಡ ಹಡಗು ಈ ಬಿಳಿ ಪಡೆದೇ.

ಆಮ್ಯಾಲ ಮುಂದಿನ ಪಕ್ಕದಾಗ ಬರ್ದಿರೋ ನಂಬರ್. ನೇವಿ ಹಡಗಿಗೆ ಟಿ ಅಕ್ಷರ ಇದ್ರ ಅದು ಸಣ್ಣ ವೇಗದ ಗಸ್ತು ಹಡಗು, ಕೆ ಇದ್ರ ಹೆಚ್ಚಾಗಿ ಮಿಸೈಲ್ ಬೋಟ್ ಸಾಲಿಂದು. ಹೆಸರೂ ಸಹಾಯ ಮಾಡ್ತದ, ಕಾರ್ ನಿಕೋಬಾರ್, ಚೆಟ್ಲಾಟ್, ಕಲ್ಪೇನಿ ಹೀಂಗ ದ್ವೀಪದ ಹೆಸರಿದ್ದು ಹಡಗು ಸಣ್ಣದಿದ್ರ ಕಾರ್ ನಿಕೋಬಾರ್ ಕ್ಲಾಸ್ (ಕ್ಲಾಸ್ ಅಂದ್ರ ಒಂದೇ ನಮೂನಿ ಕಟ್ಟಿದ ಹಡಗುಗಳ ಸಾಲು) ಇರಬಹುದು ಅಂತ ತಿಳ್ಕೋರಿ, ಕೋಲ್ಕತಾದ ಗಾರ್ಡನ್ ರೀಚ್ ಹಡಗುಕಟ್ಟೆಯಾಗ ಕಟ್ಟಿದ್ದು. ಉದ್ದ ಸುಮಾರು 49 ಮೀಟರ್, ಅಂದ್ರ ಕಲಬುರಗಿ ಸ್ಟೇಷನ್‌ನಾಗ ನಿಂತ ರೈಲಿನ ಎರಡು ಬೋಗಿ ಅಷ್ಟೇ. ವೇಗ 35 ನಾಟ್, ಗಂಟೆಗೆ 65 ಕಿ.ಮೀ. ಹತ್ರ.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ಎಲ್ಲಾರ ಕಣ್ಣು ಮುಂದಿನ ಗನ್ ಮ್ಯಾಲೇ ಹೋಗ್ತದ, ಇರೋದು 30 ಎಂಎಂ ಗನ್, ಅದನ್ನ ನೋಡಿ ಈ ಹಡಗಿನ ಕೆಲಸ ತಿಳಿಯಂಗಿಲ್ಲ. ಹಿಂಭಾಗ ನೋಡ್ರಿ. ಓಡೋ ಹಡಗಿನ ಹಿಂದ ನೀರು ರಭಸದಿಂದ ಚಿಮ್ಮಿ ಬಿಳಿ ನೊರಿ ಎದ್ದಿರ್ತದ, ಯಾಕಂದ್ರ ಇದಕ್ಕ ಫ್ಯಾನಿನಂಥ ಪ್ರೊಪೆಲ್ಲರ್ ಕೆಳಗ ಚಾಚಿರಂಗಿಲ್ಲ, ವಾಟರ್‌ಜೆಟ್ ಇರ್ತದ, ಹಡಗಿನ ತಳದಿಂದ ನೀರು ಎಳ್ಕೊಂಡು ಹಿಂದಕ್ಕ ಜೋರಾಗಿ ದೂಡ್ತದ, ಆ ನೀರು ಹೊಂಟ ದಿಕ್ಕು ತಿರುಗ್ಸಿದ್ರ ಹಡಗೂ ತಿರುಗ್ತದ, ಅದಕ್ಕ ಆಳ ಕಮ್ಮಿ ಇರೋ ದಂಡಿ ಹತ್ರನೂ ಓಡಾಡ್ತದ, ಮೀನು ಬಲೆ ಸಿಕ್ಕೊಳ್ಳೋ ಭಯನೂ ಕಮ್ಮಿ.

ಇನ್ನೊಂದು, ಡೆಕ್ ಮ್ಯಾಲ ಕಟ್ಟಿರೋ ರಬ್ಬರ್ ಬೋಟ್ ಹುಡುಕ್ರಿ. ನನ್ನ ಪ್ರಕಾರ ಗಸ್ತು ಹಡಗಿನ ಖರೇ ಆಯುಧ ಅದೇ. ಸಂಶಯದ ಬೋಟ್ ಕಂಡ್ರ ಮೊದ್ಲು ರೇಡಿಯೋದಾಗ ಕರೀತಾರ, ಚಾನೆಲ್ 16 ಎಲ್ಲಾ ಹಡಗಿಗೂ ಒಂದೇ, ನಿಲ್ಸಿದ ಮ್ಯಾಲ ದೊಡ್ಡ ಹಡಗು ದೂರ ನಿಂತು ಕಾವಲು ಕಾಯ್ತದ, ನಾಕೈದು ಮಂದಿ ರಬ್ಬರ್ ಬೋಟ್‌ನಾಗ ಹೋಗಿ ಹತ್ತಿ ಕಾಗದ, ಗುರ್ತಿನ ಕಾರ್ಡ್, ಮೀನು ತುಂಬೋ ಖಾನಿ ಎಲ್ಲಾ ತಪಾಸಣೆ ಮಾಡ್ತಾರ. 2008ರ ನವೆಂಬರ್‌ನಾಗ ಮುಂಬೈಗೆ ಬಂದ ಉಗ್ರರು ಕುಬೇರ್ ಅನ್ನೋ ಮೀನುಗಾರಿ ಬೋಟನ್ನೇ ಕಿತ್ಕೊಂಡು ಬಂದಿದ್ರು, ಆದಾದ ಮ್ಯಾಲ ಈ ತಪಾಸಣೆಗೆ ಭಾಳ ಒತ್ತು ಬಂತು. ಕಳ್ಳಸಾಗಣೆ ತಡ್ಯೋದು, ಮುಳುಗೋರನ್ನ ಉಳ್ಸೋದು, ಇವೂ ದಿನದ ಕೆಲಸನೇ.

ಹಿಂದ ಹೆಲಿಕಾಪ್ಟರ್ ಇಳಿಯೋ ಜಾಗ ಇದ್ರ ಅದು ಸಣ್ಣ ಗಸ್ತು ಹಡಗಲ್ಲ, ದೂರ ಸಮುದ್ರಕ್ಕ ಹೋಗೋ ದೊಡ್ಡದು. ನಮ್ಮ ಆರ್ಥಿಕ ವಲಯ, ಅಂದ್ರ ಮೀನು, ಖನಿಜದ ಹಕ್ಕು ನಮ್ ದೇಶಕ್ಕಿರೋ ಸಮುದ್ರ, ದಂಡಿಯಿಂದ 200 ನಾಟಿಕಲ್ ಮೈಲು, ಅಂದ್ರ 370 ಕಿ.ಮೀ. ತನಕ ಹರಡ್ಯದ, ಅಷ್ಟು ದೂರ ದಿನಗಟ್ಟಲೆ ಇರ್ಲಿಕ್ಕ ಸಣ್ಣ ಹಡಗಿಗೆ ಆಗಂಗಿಲ್ಲ.

ಮೊಬೈಲ್‌ನಾಗ ಹಡಗು ಟ್ರ್ಯಾಕ್ ಮಾಡೋ ಆ್ಯಪ್ ನಂಬ್ಕೊಂಡು ಕೂಡಬ್ಯಾಡ್ರಿ, ಯುದ್ಧನೌಕೆಗಳು ತಮ್ಮ ಜಾಗ ತೋರ್ಸಲೇಬೇಕು ಅಂತ ಕಾಯ್ದಾ ಇಲ್ಲ. ಖರೇ ಹಡಗು ನೋಡ್ಬೇಕಂದ್ರ ಕಾರವಾರಕ್ಕ ಹೋಗ್ರಿ, ಟಾಗೋರ್ ಬೀಚ್‌ನಾಗ ನಿವೃತ್ತ ಮಿಸೈಲ್ ಬೋಟ್ ಚಪಲ್ ಇಟ್ಟಾರ. ಅದು ಗಸ್ತು ಹಡಗಲ್ಲ, ಆದ್ರೂ ಸುತ್ತ ತಿರುಗಿ ಮಿಸೈಲ್ ಡಬ್ಬಿ ಎಲ್ಲವ, ಹಿಂಭಾಗ ಹ್ಯಾಂಗದ ನೋಡಿ, ಕಾರ್ ನಿಕೋಬಾರ್ ಫೋಟೋ ಪಕ್ಕಕ್ಕಿಟ್ಟು ಹೋಲ್ಸ್ರಿ. ನೇವಿ ಬೇಸ್ ಕಡಿ ಮಾತ್ರ ಫೋಟೋ ತೆಗೀಬ್ಯಾಡ್ರಿ.