ಮಳಿಗೆಯ ಮುಖ ಬದಲಿಸಲು ಹೋಗಿ ಮೆಟ್ಟಿಲ ಜಾಲಿಯ ಬಳಿ ತಡೆದದ್ದು

ಬಳ್ಳಾರಿಯ ಬೆಂಗಳೂರು ರಸ್ತೆಯ ಆಸುಪಾಸಿನಲ್ಲಿ ಮೂರಂತಸ್ತಿನ ಒಂದು ವಾಣಿಜ್ಯ ಸಂಕೀರ್ಣವಿದೆ. ಅದರಲ್ಲಿ ಜೀನ್ಸ್ ಮತ್ತು ಸಿದ್ಧ ಉಡುಪು ಮಾರುವ ಮಳಿಗೆಯೊಂದರ ಹೊರಮುಖವನ್ನು ಹೊಸದಾಗಿ ರೂಪಿಸುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ನಾನು ಸಿವಿಲ್ ಎಂಜಿನಿಯರ್. ಮನೆ ನಕ್ಷೆಗೆ ಪರವಾನಗಿ ಪಡೆಯುವುದು ನಿತ್ಯದ ಕೆಲಸವೇ ಆದರೂ, ನಿಂತ ಕಟ್ಟಡದ ಮುಖವನ್ನಷ್ಟೇ ಬದಲಿಸುವ ಅರ್ಜಿ ಹಿಡಿದು ನಗರ ಯೋಜನಾ ವಿಭಾಗಕ್ಕೆ ಹೋದದ್ದು ಅದೇ ಮೊದಲು.

“ಗೋಡೆ ಒಡೆಯಂಗಿಲ್ಲ, ಶೀಟ್ ಹೊಡೆಸ್ತೀವಿ ಅಷ್ಟೇ. ಇದಕ್ಕೂ ಪರ್ಮಿಷನ್ ಯಾಕ್ರೀ?” ಎಂದು ಮಾಲೀಕರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ನೇ ಪ್ರಕರಣದ ವಿವರಣೆಯಲ್ಲಿ, ಕಟ್ಟಡದ ಒಳಭಾಗಕ್ಕಷ್ಟೇ ಸೀಮಿತವಾದ ಅಥವಾ ಹೊರನೋಟವನ್ನು ಗಣನೀಯವಾಗಿ ಬದಲಿಸದ ದುರಸ್ತಿ, ಸುಧಾರಣೆಗಳನ್ನು ಅಭಿವೃದ್ಧಿಯೆಂದು ಪರಿಗಣಿಸಬಾರದೆಂದು ಹೇಳಿದೆ. ಆದರೆ ನಮ್ಮ ಶೀಟು ಎರಡು ಅಂತಸ್ತಿನ ಎತ್ತರವನ್ನು ಪೂರ್ತಿ ಮುಚ್ಚುತ್ತಿತ್ತು. ಇದು ಗಣನೀಯ ಬದಲಾವಣೆ ಅಲ್ಲವೆಂದು ವಾದಿಸುವ ಧೈರ್ಯ ನನಗಿರಲಿಲ್ಲ. ಹಣ ಸುರಿದ ಮೇಲೆ ನೋಟೀಸು ಬರುವುದಕ್ಕಿಂತ ಮೊದಲೇ ಅರ್ಜಿ ಕೊಡುವುದು ಲೇಸೆಂದು ಅವರನ್ನು ಒಪ್ಪಿಸಿದೆ.

ಎಲಿವೇಷನ್ ಚಿತ್ರವನ್ನು, ಅಂದರೆ ಕಟ್ಟಡದ ಮುಂಭಾಗದ ನೇರ ನೋಟದ ನಕ್ಷೆಯನ್ನು, ಬೆಂಗಳೂರಿನ ವಿನ್ಯಾಸಕರೊಬ್ಬರು ಕಳುಹಿಸಿದ್ದರು. ಬೂದು ಬಣ್ಣದ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟು, ನಡುವೆ ದೊಡ್ಡ ಗಾಜು, ಮುಂದೆ ನಾಲ್ಕು ಅಡಿ ಚಾಚಿದ ಸಜ್ಜಾ. ನೋಡಲು ಚೆನ್ನಾಗಿಯೇ ಇತ್ತು. ಅದರಲ್ಲಿ ನಮ್ಮ ಮಳಿಗೆ ಬಿಟ್ಟರೆ ಅಕ್ಕಪಕ್ಕದ ಏನೂ ಇರಲಿಲ್ಲ, ಬಿಳಿ ಹಾಳೆ ಮಾತ್ರ. ನಾನು ಅದನ್ನು ಸ್ಥಳಕ್ಕೆ ತಾಳೆ ನೋಡದೆ ಕಡತಕ್ಕೆ ಸೇರಿಸಿದ್ದು ತಪ್ಪಾಯಿತು. ಸ್ಥಳ ಪರಿಶೀಲನೆಯ ದಿನ ಅಧಿಕಾರಿ ರಸ್ತೆಯ ಆಚೆ ಬದಿಗೆ ಹೋಗಿ, ಹಾಳೆಯನ್ನು ಕಣ್ಣೆತ್ತರಕ್ಕೆ ಹಿಡಿದು, ಒಮ್ಮೆ ಚಿತ್ರವನ್ನೂ ಒಮ್ಮೆ ಕಟ್ಟಡವನ್ನೂ ನೋಡಿ ಕೇಳಿದ್ದು ಒಂದೇ ಮಾತು: “ಈ ಮೆಟ್ಟಿಲಿನ ಜಾಲಿ ಎಲ್ಲಿ ಹೋಯ್ತು ಸರ್?”

ಮಳಿಗೆಗೆ ಅಂಟಿಕೊಂಡೇ ಸಂಕೀರ್ಣದ ಸಾಮಾನ್ಯ ಮೆಟ್ಟಿಲಿದೆ. ಅದರ ಪ್ರತಿ ತಿರುವಿನಲ್ಲೂ ಹಳೆಯ ಸಿಮೆಂಟ್ ಜಾಲಿ (ತೂತುಗಳ ಜಾಲರಿ) ಇದ್ದು, ಮೆಟ್ಟಿಲಿಗೆ ಗಾಳಿ ಬೆಳಕು ಬರುವುದು ಅಲ್ಲಿಂದಲೇ. ನಮ್ಮ ಶೀಟು ಆ ಕಡೆಗೆ ನಾಲ್ಕು ಅಡಿ ಮುಂದುವರಿದು ಎಲ್ಲ ಜಾಲಿಗಳನ್ನೂ ನುಂಗಿಹಾಕಿತ್ತು. ಮೇಲಿನ ಅಂತಸ್ತಿನಲ್ಲಿ ಮಕ್ಕಳ ಟ್ಯೂಷನ್ ನಡೆಯುತ್ತದೆ. ಬೆಂಕಿ ಬಿದ್ದರೆ ಹೊಗೆ ಹೊರಹೋಗಬೇಕಾದ ದಾರಿಯನ್ನೇ ನಾವು ಚೆಂದಕ್ಕಾಗಿ ಮುಚ್ಚಲು ಹೊರಟಿದ್ದೆವು. ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವಿನ ತಿರುಳು. ಅಗ್ಗದ ಶೀಟಿನಲ್ಲಿ ಆ ತಿರುಳು ಪಾಲಿಥಿಲೀನ್ ಆಗಿದ್ದು ಚೆನ್ನಾಗಿ ಉರಿಯುತ್ತದೆ, ಶೀಟಿಗೂ ಗೋಡೆಗೂ ನಡುವೆ ಉಳಿಯುವ ಸಂದು ಹೊಗೆಕೊಳವೆಯಂತೆ ಜ್ವಾಲೆಯನ್ನು ಮೇಲಕ್ಕೆ ಎಳೆಯುತ್ತದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿ ಅಷ್ಟು ಬೇಗ ಏರಲು ಇಂಥ ಹೊದಿಕೆಯೇ ಮುಖ್ಯ ಕಾರಣವಾಗಿತ್ತು; 72 ಜನ ಸತ್ತರು. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಹಾಳೆಯ ಮೇಲೆ ಕಾಣದ ಜಾಲಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಅಂಗಡಿಗಳ ಶಟರ್ ಏಳುವ ಮುಂಚೆ ಎರಡು ಬೆಳಗು ಟೇಪು ಹಿಡಿದು ಇಡೀ ಸಂಕೀರ್ಣದ ಮುಖವನ್ನು ಅಳೆದೆ. ಪಕ್ಕದ ಔಷಧಿ ಅಂಗಡಿಯ ಬೋರ್ಡು, ಮೀಟರ್ ಪೆಟ್ಟಿಗೆಗಳು, ಮಳೆನೀರಿನ ಪೈಪು, ಜಾಲಿ, ಎಲ್ಲವನ್ನೂ ಬರೆದ ಹೊಸ ಚಿತ್ರದಲ್ಲಿ ನಮ್ಮ ಮಳಿಗೆ ಒಂದು ಭಾಗವಾಗಿ ಕೂತಿತು. ಶೀಟನ್ನು ಜಾಲಿಯಿಂದ ಈಚೆಗೇ ನಿಲ್ಲಿಸಿ, ಬೆಂಕಿ ನಿರೋಧಕ ತಿರುಳಿನ ದರ್ಜೆಗೆ ಬದಲಿಸಿದೆವು. ಖರ್ಚು ಏರಿದ್ದಕ್ಕೆ ಮಾಲೀಕರು ಒಂದು ವಾರ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಸಜ್ಜಾದ ವಿಷಯ ಬೇಗ ಮುಗಿಯಿತು. ಅದರ ತುದಿ ಬರುವ ಜಾಗದಿಂದ ತೂಗುಗುಂಡು ಬಿಟ್ಟಾಗ ಅದು ಚರಂಡಿಯ ಚಪ್ಪಡಿಯ ಮೇಲೆ ನಿಂತಿತು, ಅಂದರೆ ನಮ್ಮ ಗಡಿಯ ಆಚೆ. ವಾದಕ್ಕೆ ಅವಕಾಶವೇ ಇರಲಿಲ್ಲ; ಎರಡೂಕಾಲು ಅಡಿಗೆ ಕತ್ತರಿಸಿದೆವು. ಮಳಿಗೆ ಪಶ್ಚಿಮಕ್ಕೆ ಮುಖ ಮಾಡಿದೆ, ಬಳ್ಳಾರಿಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ನೆರಳು ಬೇಡವೇ ಎಂದು ಮಾಲೀಕರು ಕೇಳಿದರು. ಸಂಜೆಯ ಸೂರ್ಯ ಕೆಳಗಿಳಿದು ನೇರ ಬಡಿಯುವುದರಿಂದ ಸಜ್ಜಾ ಎಷ್ಟು ಚಾಚಿದರೂ ಅಷ್ಟಕ್ಕಷ್ಟೇ. ಬದಲಿಗೆ ಗಾಜಿನ ಅಳತೆಯನ್ನು ಕಡಿಮೆ ಮಾಡಿ, ಗಡಿಯೊಳಗೇ ಓರೆಯಾಗಿ ನಿಲ್ಲಿಸಿದ ಅಲ್ಯೂಮಿನಿಯಂ ಪಟ್ಟಿಗಳನ್ನು ಕೊಟ್ಟೆ.

ನನಗೆ ಇಷ್ಟವಾದ ಕೆಲಸವೆಂದರೆ ನಾಮಫಲಕದ್ದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ವಿನ್ಯಾಸಕರು ಇಂಗ್ಲಿಷನ್ನು ಮೇಲೆ ದಪ್ಪವಾಗಿ ಬರೆದು, ಅದರಡಿ ಕನ್ನಡವನ್ನು ಸಣ್ಣದಾಗಿ ತುರುಕಿದ್ದರು. ಬರೀ ಅದಲುಬದಲು ಮಾಡಿದರೆ ಸಾಲುತ್ತಿರಲಿಲ್ಲ. ಮಳಿಗೆಯ ಹೆಸರಿನಲ್ಲಿ ‘ವಸ್ತ್ರ’ ಎಂಬ ಪದವಿದೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಂತರೆ, ನಮ್ಮ ‘ಸ್ತ್ರ’ದ ಒತ್ತುಗಳು ಕೆಳಕ್ಕಿಳಿಯುತ್ತವೆ, ಅದೇ ಎತ್ತರಕ್ಕೆ ಹಿಂಡಿದರೆ ಮೂಲ ಅಕ್ಷರವೇ ಕುಗ್ಗಿ ದೂರಕ್ಕೆ ಕಾಣುವುದಿಲ್ಲ. ಫಲಕ 18 ಅಡಿ ಉದ್ದ, 48 ಇಂಚು ಎತ್ತರವಿತ್ತು. ಮೇಲಿನ 30 ಇಂಚನ್ನು ಕನ್ನಡಕ್ಕೆ ಬಿಟ್ಟೆ, ಲೆಕ್ಕಕ್ಕೆ ಶೇ. 62.5 ಆಯಿತು, ಒತ್ತುಗಳಿಗೂ ಕಾಲು ಚಾಚಲು ಜಾಗ ಸಿಕ್ಕಿತು. ಅಕ್ರಿಲಿಕ್ ಕತ್ತರಿಸುವವರು ಮೊದಲ ಸಲ ರ ಒತ್ತನ್ನು ಬಿಟ್ಟೇ ಕತ್ತರಿಸಿ ತಂದಿದ್ದರು, ಹಿಂದಕ್ಕೆ ಕಳಿಸಬೇಕಾಯಿತು.

ಸಂಕೀರ್ಣದ ಉಳಿದ ಮಳಿಗೆಯವರ ಒಪ್ಪಿಗೆ ಪತ್ರವನ್ನೂ ಲಗತ್ತಿಸಿದ ಮೇಲೆ, ಜಾಲಿಯನ್ನು ಎಂದೂ ಮುಚ್ಚಬಾರದೆಂಬ ಷರತ್ತಿನೊಂದಿಗೆ ಪರವಾನಗಿ ಬಂತು. ಹೊಸ ಮುಖದ ಪಕ್ಕ ಹಳೆ ಜಾಲಿ ತೇಪೆ ಹಾಕಿದಂತೆ ಕಾಣುತ್ತದೆಂದು ಮಾಲೀಕರು ಅದಕ್ಕೂ ಬೂದು ಬಣ್ಣ ಬಳಿಸಿದ್ದಾರೆ. ಮೊನ್ನೆ ಆ ಕಡೆ ಹೋದಾಗ, ಜಾಲಿಯ ಬದಿಯ ಶೀಟಿನ ಅಂಚಿಗೆ ತುಂಬಿದ ಸಿಲಿಕೋನ್ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನು ಕೆರೆದು ಮತ್ತೆ ತುಂಬಿಸಬೇಕು.