ನೆರೆಯ ನಡುವೆ ನಿಂತುಹೋದ ರೇಡಿಯೇಶನ್: ನನ್ನ ಅನುಭವ

ನಮ್ಮ ಮನೆಯವರ ಗಂಟಲಿನ ಕ್ಯಾನ್ಸರ್‌ಗೆ ವೈದ್ಯರು ನಿಗದಿಪಡಿಸಿದ್ದು ಒಟ್ಟು 70 ಗ್ರೇ ವಿಕಿರಣ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ). ವಾರಕ್ಕೆ ಐದು ದಿನದಂತೆ ಏಳು ವಾರಗಳಲ್ಲಿ 35 ಕಂತು, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ. ಅರ್ಧ ದಾಟಿ ಸ್ವಲ್ಪ ಮುಂದೆ ಬಂದಿದ್ದೆವು, ಅಷ್ಟರಲ್ಲಿ ನೆರೆ ಬಂತು. ನಾವು ಪರಿಹಾರ ಕೇಂದ್ರ ಸೇರಿದೆವು, ಆಸ್ಪತ್ರೆಗೆ ಹೋಗುವ ದಾರಿ ಮುಚ್ಚಿತು. ಮನೆಗೆ ನೀರು ನುಗ್ಗಿದ ಕಥೆ ಎಲ್ಲರದೂ ಒಂದೇ, ಅದನ್ನು ಬಿಡುತ್ತೇನೆ. ತಪ್ಪಿಹೋದ ಕಂತುಗಳನ್ನು ಮರಳಿ ಪಡೆದದ್ದು ಹೇಗೆ ಎಂಬುದನ್ನಷ್ಟೇ ಬರೆಯುತ್ತೇನೆ, ಏಕೆಂದರೆ ಆ ಹೊತ್ತಿನಲ್ಲಿ ಅದನ್ನು ಹೇಳಿಕೊಡುವವರು ನನಗೆ ಯಾರೂ ಸಿಗಲಿಲ್ಲ.

ಮೊದಲಿಗೆ ವಿಚಿತ್ರವೊಂದು ನಡೆಯಿತು. ಚಿಕಿತ್ಸೆ ನಿಂತ ಮೇಲೆ ಇವರು ಚೇತರಿಸಿಕೊಂಡರು. ಬಾಯಿಯ ಹುಣ್ಣು ಮಾಯತೊಡಗಿತು, ಉಗುಳು ನುಂಗುವಾಗಿನ ನೋವು ಇಳಿಯಿತು, ರಾತ್ರಿ ನಿದ್ದೆ ಹತ್ತಿತು. ನೋಡಲು ಬಂದವರೆಲ್ಲ ‘ದೇಹಕ್ಕೂ ವಿಶ್ರಾಂತಿ ಬೇಕಿತ್ತು, ಒಳ್ಳೆಯದೇ ಆಯಿತು’ ಎಂದರು. ಇವರಿಗೂ ಹಾಗೆಯೇ ಅನ್ನಿಸಿತು. ನನಗೆ ಹೆದರಿಕೆ ಶುರುವಾದದ್ದೇ ಆಗ.

ಬಾಯಿಯ ಒಳಪದರ ಮತ್ತೆ ಬೆಳೆಯಲು ಬಿಡುವು ಸಿಕ್ಕರೆ, ಅಳಿದುಳಿದ ಗೆಡ್ಡೆಯ ಕೋಶಗಳಿಗೂ ಅದೇ ಬಿಡುವು ಸಿಗುತ್ತದೆ. ತಲೆ ಮತ್ತು ಕತ್ತಿನ ಈ ಬಗೆಯ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರ ಕಳೆದ ಮೇಲೆ ಉಳಿದ ಕೋಶಗಳು ಮೊದಲಿಗಿಂತ ವೇಗವಾಗಿ ಒಡೆದು ಹೆಚ್ಚುತ್ತವೆ. ಅಲ್ಲಿಂದ ಮುಂದೆ ಚಿಕಿತ್ಸೆ ಲಂಬಿಸಿದ ಪ್ರತಿ ದಿನವೂ ಸುಮಾರು 0.6 ಗ್ರೇಯಷ್ಟು ವಿಕಿರಣದ ಫಲವನ್ನು ತಿಂದುಹಾಕುತ್ತದೆ ಎಂಬುದು ತಜ್ಞರ ಅಂದಾಜು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಇಂಥ ರೋಗಿಗಳನ್ನು ವಿಳಂಬ ಸಲ್ಲದ ಮೊದಲ ವರ್ಗದಲ್ಲಿಟ್ಟು, ಚಿಕಿತ್ಸೆಯ ಒಟ್ಟು ಅವಧಿ ನಿಗದಿಗಿಂತ ಎರಡು ದಿನಕ್ಕೂ ಹೆಚ್ಚು ಲಂಬಿಸಬಾರದು ಎನ್ನುತ್ತದೆ. ಅಮೆರಿಕದಲ್ಲಿ ಚಂಡಮಾರುತಗಳ ಸಮಯದಲ್ಲಿ ರೇಡಿಯೇಶನ್ ಪಡೆಯುತ್ತಿದ್ದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಡ್ಡಿಯಿಲ್ಲದೆ ಚಿಕಿತ್ಸೆ ಪಡೆದವರಿಗಿಂತ ಅವರಲ್ಲಿ ಸಾವಿನ ಅಪಾಯ ಶೇ. 19ರಷ್ಟು ಹೆಚ್ಚಿತ್ತು. ಇದನ್ನು ಇವರಿಗೆ ಆಗ ಹೇಳಲಿಲ್ಲ. ನಾನು ಮಾತ್ರ ದಿನ ಎಣಿಸತೊಡಗಿದೆ.

ಆಸ್ಪತ್ರೆಯ ಮುಖ್ಯ ಸಂಖ್ಯೆಗೆ ಕರೆ ಹೋಗುತ್ತಿರಲಿಲ್ಲ. ಆದರೆ ಜಾಲ ದುರ್ಬಲವಾಗಿದ್ದಾಗ ಕರೆ ಸಾಗದಿದ್ದರೂ ಕಿರುಸಂದೇಶ ನುಸುಳುತ್ತದೆ. ರೇಡಿಯೇಶನ್ ವಿಭಾಗದ ತಂತ್ರಜ್ಞರೊಬ್ಬರ ಸಂಖ್ಯೆ ನನ್ನ ಬಳಿ ಇತ್ತು. ಇವರ ಹೆಸರು, ನೋಂದಣಿ ಸಂಖ್ಯೆ, ಮುಗಿದ ಕಂತುಗಳು, ಕೊನೆಯ ಕಂತಿನ ದಿನಾಂಕ, ನಾವು ಎಲ್ಲಿದ್ದೇವೆ ಎಂಬುದನ್ನು ಕಳಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: ತಪ್ಪಿದ ಕಂತುಗಳನ್ನು ಹೇಗೆ ತುಂಬಿಸುತ್ತೀರಿ? ‘ಯಾವಾಗ ಬರಬೇಕು’ ಎಂದು ಕೇಳಿದ್ದರೆ ‘ದಾರಿ ತೆರೆದ ಮೇಲೆ ಬನ್ನಿ’ ಎಂಬ ಉತ್ತರ ಬರುತ್ತಿತ್ತು. ನಾನು ಹೀಗೆ ಕೇಳಿದ್ದರಿಂದ ವಿಷಯ ವೈದ್ಯರ ಮತ್ತು ಭೌತವಿಜ್ಞಾನಿಯ ಮೇಜಿಗೆ ಹೋಯಿತು. ರೇಡಿಯೇಶನ್ ವಿಭಾಗದಲ್ಲಿ ಭೌತವಿಜ್ಞಾನಿ ಎಂಬ ಹುದ್ದೆ ಇರುತ್ತದೆ ಎಂಬುದೇ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಡೋಸ್ ಲೆಕ್ಕ ಹಾಕುವವರು ಅವರು.

ಬೇರೆ ಆಸ್ಪತ್ರೆಗೆ ಹೋಗಬಹುದಲ್ಲ ಎಂದು ಎಲ್ಲರೂ ಸಲಹೆ ಕೊಟ್ಟರು. ಕೀಮೋ ಆದರೆ ಔಷಧದ ಹೆಸರು, ಪ್ರಮಾಣ, ರಕ್ತಪರೀಕ್ಷೆಯ ವರದಿ ಹಿಡಿದು ಇನ್ನೊಂದು ಕಡೆ ಮುಂದುವರಿಸಬಹುದು. ರೇಡಿಯೇಶನ್ ಅಷ್ಟು ಸುಲಭದ್ದಲ್ಲ. ಕಿರಣ ಎಲ್ಲಿ, ಎಷ್ಟು ಬೀಳಬೇಕು ಎಂಬ ಯೋಜನೆಯನ್ನು ನಿರ್ದಿಷ್ಟ ಯಂತ್ರಕ್ಕೆ, ತಲೆ ಅಲುಗದಂತೆ ಇವರ ಮುಖಕ್ಕೆ ಅಚ್ಚೊತ್ತಿದ ಮುಖವಾಡಕ್ಕೆ, ಆ ದಿನದ ಸ್ಕ್ಯಾನ್‌ಗೆ ಹೊಂದಿಸಿ ಮಾಡಿರುತ್ತಾರೆ. ಬೇರೆ ಕಡೆ ಹೋದರೆ ಸಾಮಾನ್ಯವಾಗಿ ಹೊಸ ಮುಖವಾಡ, ಹೊಸ ಸ್ಕ್ಯಾನ್, ಹೊಸ ಯೋಜನೆ ಬೇಕಾಗುತ್ತದೆ. ಅದಕ್ಕೇ ಹಲವು ದಿನ ಹಿಡಿಯುತ್ತದೆ. ಎರಡೂ ಕಡೆಯ ಯಂತ್ರಗಳು ಒಂದೇ ರೀತಿ ಹೊಂದಿಸಿದವಾದರೆ ಮಾತ್ರ ಕೆಲಸ ಬೇಗ ಆಗುತ್ತದೆ. ನಮ್ಮ ಆಸ್ಪತ್ರೆ ಕೆಲವೇ ದಿನಗಳಲ್ಲಿ ಶುರುವಾಗುವ ಸೂಚನೆ ಇದ್ದುದರಿಂದ ಕಾಯುವುದೇ ಮೇಲು ಎಂದು ವೈದ್ಯರು ಹೇಳಿದರು. ಆದರೂ ಅಷ್ಟರಲ್ಲಿ ಯಂತ್ರ ಶುರುವಾಗದಿದ್ದರೆ ಎಂದು, ನೀಡಿದ ಡೋಸ್‌ನ ದಾಖಲೆ ಮತ್ತು ಯೋಜನೆಯ ಕಡತಗಳನ್ನು ಸಿದ್ಧವಿಡಲು ಕೇಳಿಕೊಂಡೆ.

ಪರಿಹಾರ ಕೇಂದ್ರದ ಬದುಕಿನಲ್ಲಿ ನನ್ನ ಹೆಚ್ಚಿನ ಹೊತ್ತು ಹೋದದ್ದು ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ನಳಿಕೆಯ ಹಿಂದೆ. ಮಿಕ್ಸಿಗೆ ವಿದ್ಯುತ್ ಇಲ್ಲದ ಕಡೆ ಪುಡಿಯ ಪೌಷ್ಟಿಕ ಆಹಾರವೇ ಗತಿ. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ, ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸುತ್ತಿದ್ದೆ. ತಂಪುಪೆಟ್ಟಿಗೆ ಇಲ್ಲದಿದ್ದರೆ ಮಿಕ್ಕದ್ದನ್ನು ಇಟ್ಟುಕೊಳ್ಳುವಂತಿಲ್ಲ. ಕೊಡುವ ಮೊದಲೂ ಆಮೇಲೂ ನಳಿಕೆಗೆ ನೀರು ಹಾಯಿಸಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಅಲ್ಲಿ ಹೊಸದು ಹಾಕುವವರಿಲ್ಲ. ಕೊಡುವಾಗ, ಕೊಟ್ಟ ಮೇಲೆ ಸುಮಾರು ಒಂದು ಗಂಟೆ ತಲೆಯ ಭಾಗವನ್ನು ಎತ್ತರಿಸಿ ಕೂರಿಸುತ್ತಿದ್ದೆ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಕಠಿಣವಾದ ಔಷಧ, ಹಾಗಾಗಿ ನೀರಿನ ಪ್ರಮಾಣವನ್ನೂ ಮೂತ್ರದ ಪ್ರಮಾಣವನ್ನೂ ಬರೆದಿಡುತ್ತಿದ್ದೆ. ನೋವಿಗೆ ಕೊಡುವ ಮಾರ್ಫಿನ್‌ನ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮೈಮೇಲೆಯೇ ಇರಿಸಿಕೊಂಡಿದ್ದೆ, ಏಕೆಂದರೆ ಅದಿಲ್ಲದೆ ಆ ಔಷಧ ಸಿಗುವುದಿಲ್ಲ, ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಕೇಂದ್ರದಲ್ಲಿದ್ದ ಕಾರ್ಯಕರ್ತರೊಬ್ಬರು ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ನಳಿಕೆಗೆ ಹಾಕಿ ಎಂದರು. ಹಾಗೆ ಮಾಡಬಾರದು, ಹನ್ನೆರಡು ಗಂಟೆಯ ಔಷಧ ಒಂದೇ ಸಲ ಮೈಗೆ ಇಳಿಯುತ್ತದೆ. ದ್ರವರೂಪದ್ದೇ ಬೇಕೆಂದು ಪಟ್ಟು ಹಿಡಿದೆ.

ಜನಸಂದಣಿಯಲ್ಲಿ ನನಗಿದ್ದ ಇನ್ನೊಂದು ಭಯ ಜ್ವರ. ಕೀಮೋದಿಂದ ಬಿಳಿ ರಕ್ತಕಣ ಕುಸಿದಿದ್ದಾಗ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು ಸ್ಥಿತಿ, ಬೆಳಗಿನವರೆಗೆ ಕಾಯುವಂತಿಲ್ಲ. ಮಾತ್ರೆ ಕೊಟ್ಟು ಜ್ವರ ಇಳಿಸಿದರೆ ಸೋಂಕಿನ ಸುಳಿವೇ ಮುಚ್ಚಿಹೋಗುತ್ತದೆ. ಥರ್ಮಾಮೀಟರ್ ಜೇಬಿನಲ್ಲೇ ಇತ್ತು. ಮೂಲೆಯ ಜಾಗಕ್ಕಾಗಿ ಜಗಳವಾಡಿ ಅದನ್ನು ಪಡೆದೆ. ನಾಚಿಕೆ ಅನ್ನಿಸಲಿಲ್ಲ.

ಇವರಿಗೆ ಮಾತನಾಡಲು ಆಗುತ್ತಿರಲಿಲ್ಲ, ಎಲ್ಲವೂ ಚೀಟಿಯಲ್ಲಿ. ದಾರಿ ತೆರೆಯುವ ಸುದ್ದಿ ಬಂದ ದಿನ ‘ಸಾಕು, ನಾನು ಬರುವುದಿಲ್ಲ’ ಎಂದು ಬರೆದು ನನ್ನ ಮುಂದಿಟ್ಟರು. ಇಂಥ ಹೊತ್ತಿನಲ್ಲಿ ಸುತ್ತಲಿನವರೆಲ್ಲ ಧೈರ್ಯ ತುಂಬಲು ಬರುತ್ತಾರೆ. ನನಗೆ ಆ ಮಾತುಗಳೆಂದರೆ ಅಸಹನೆ, ಇವರಿಗೆ ಇನ್ನೂ ಹೆಚ್ಚು. ದೇಹ ಇವರದು, ಬಿಡುವ ಹಕ್ಕೂ ಇವರದು. ಆದರೆ ಬಾಯಿ ಮಾಯುತ್ತಿದ್ದುದನ್ನು ಗುಣವಾಗುವ ಲಕ್ಷಣವೆಂದು ನಂಬಿ ಬಿಡುವುದು ಬೇರೆ, ಗೊತ್ತಿದ್ದು ಬಿಡುವುದು ಬೇರೆ. ಆವರೆಗೆ ಮುಚ್ಚಿಟ್ಟಿದ್ದ ಲೆಕ್ಕವನ್ನೆಲ್ಲ ಬರೆದ ಪುಸ್ತಕವನ್ನು ಇವರ ಕೈಗೆ ಕೊಟ್ಟೆ. ಇಡೀ ಮಧ್ಯಾಹ್ನ ಓದಿದರು, ಸಿಟ್ಟಾದರು, ಇಷ್ಟು ದಿನ ಹೇಳಲಿಲ್ಲವೇಕೆ ಎಂದು ದೊಡ್ಡಕ್ಷರದಲ್ಲಿ ಬರೆದರು. ಸಂಜೆ ವೈದ್ಯರಿಗೆ ಕರೆ ಮಾಡಿ ಫೋನನ್ನು ಇವರ ಕಿವಿಗಿಟ್ಟೆ. ಇವರು ಬರೆದ ಪ್ರಶ್ನೆಗಳನ್ನು ಒಂದಕ್ಷರವೂ ಬದಲಿಸದೆ ಓದಿ ಹೇಳಿದೆ. ಮೂರನೆಯ ಪ್ರಶ್ನೆ ‘ಈಗ ಬಿಟ್ಟರೆ ಇಷ್ಟು ದಿನ ಪಟ್ಟದ್ದೆಲ್ಲ ನೀರುಪಾಲೇ?’ ಎಂದಿತ್ತು. ಬಹುಪಾಲು ಹೌದು ಎಂದರು ವೈದ್ಯರು, ಸುತ್ತಿ ಬಳಸದೆ. ಮರುದಿನ ಹೊರಟೆವು.

ಆಸ್ಪತ್ರೆಯಲ್ಲಿ ಯಂತ್ರ ತಪಾಸಣೆಯಲ್ಲಿತ್ತು. ವಿದ್ಯುತ್ ಹೋಗಿಬಂದ ಮೇಲೆ ಕಿರಣದ ಪ್ರಮಾಣ ಅಳೆದು ನೋಡದೆ ರೋಗಿಯನ್ನು ಮಲಗಿಸುವಂತಿಲ್ಲ, ಅದರ ಬಗ್ಗೆ ನನಗೆ ದೂರಿಲ್ಲ. ಇವರ ತೂಕ ಇಳಿದಿದ್ದರಿಂದ ಮುಖವಾಡ ಸಡಿಲವಾಗಿತ್ತು. ಸಡಿಲ ಮುಖವಾಡದಲ್ಲಿ ತಲೆ ತುಸು ಅಲುಗಿದರೂ ಕಿರಣ ಬೇಡದ ಕಡೆ ಬೀಳುತ್ತದೆ. ಸಿಬ್ಬಂದಿ ಅವಸರದಲ್ಲಿದ್ದರು, ನಾನೇ ಎತ್ತಿ ತೋರಿಸಿದೆ. ಮತ್ತೆ ಸ್ಕ್ಯಾನ್ ಮಾಡಿ ಸರಿಪಡಿಸಿದರು. ನಂತರ ಕೆಲವು ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಕಂತು, ಜೊತೆಗೆ ಶನಿವಾರಗಳೂ ಸೇರಿದವು. ಎರಡು ಕಂತುಗಳ ನಡುವೆ ಕನಿಷ್ಠ ಆರು ಗಂಟೆ ಇರಲೇಬೇಕು, ಆರೋಗ್ಯವಂತ ಕೋಶಗಳು, ಮುಖ್ಯವಾಗಿ ಬೆನ್ನುಹುರಿ, ಅಷ್ಟರಲ್ಲಿ ದುರಸ್ತಿ ಮಾಡಿಕೊಳ್ಳಬೇಕು. ಒಂದು ದಿನ ಬೇಗ ಮುಗಿಸಿ ಕಳಿಸುತ್ತೇವೆ ಎಂದಾಗ ಗಡಿಯಾರ ತೋರಿಸಿ ಕೂತೆ.

ಆ ವಾರಗಳು ಭೀಕರ. ಮಾಯ್ದಿದ್ದ ಹುಣ್ಣೆಲ್ಲ ಮರುಕಳಿಸಿ, ಕತ್ತಿನ ಚರ್ಮ ಸುಲಿಯಿತು. ಬಿಡುವಿನಲ್ಲಿ ಸಿಕ್ಕ ಸುಖವನ್ನೆಲ್ಲ ಬಡ್ಡಿ ಸಮೇತ ತೀರಿಸಿದರು. ನನ್ನೊಡನೆ ಚೀಟಿಯಲ್ಲೂ ಮಾತು ಬಿಟ್ಟ ದಿನಗಳಿದ್ದವು. ನಾನು ಔಷಧದ ಹೊತ್ತು ತಪ್ಪಿಸಲಿಲ್ಲ, ಮಾತಾಡಿಸಲು ಒತ್ತಾಯಿಸಲೂ ಇಲ್ಲ.

ರೇಡಿಯೇಶನ್ ಮುಗಿದು ಹನ್ನೆರಡು ವಾರಕ್ಕೆ ಮಾಡುವ ಪೆಟ್-ಸಿಟಿ ಸ್ಕ್ಯಾನ್‌ನಲ್ಲಿ ಗೆಡ್ಡೆ ಉಳಿದ ಗುರುತು ಕಾಣಲಿಲ್ಲ. ಅದಕ್ಕಿಂತ ಮೊದಲು ಮಾಡಿದರೆ ಉರಿಯೂತವೇ ಗೆಡ್ಡೆಯಂತೆ ಕಾಣಿಸಿ ಗಾಬರಿ ಹುಟ್ಟಿಸುವುದುಂಟು, ಹಾಗಾಗಿ ಅವಸರ ಮಾಡಲಿಲ್ಲ. ಈಗ ನುಂಗುವ ವ್ಯಾಯಾಮ ದಿನವೂ ನಡೆಯುತ್ತಿದೆ, ಥೈರಾಯ್ಡ್ ಪರೀಕ್ಷೆ ಆಗಾಗ ಆಗಬೇಕು. ಕಂತುಗಳ ಪುಸ್ತಕವನ್ನು ಇವರೇ ತೆಗೆದುಕೊಂಡಿದ್ದಾರೆ. ಮುಂದಿನ ತಪಾಸಣೆಯ ದಿನಾಂಕಗಳನ್ನು ಅದರಲ್ಲೇ ಬರೆಯುತ್ತಾರೆ, ನನಗೆ ಕೊಡುವುದಿಲ್ಲ.